ಸಣ್ಣ ಬೆಳೆಗಾರನ ಮರೆಯಲ್ಲಿ: ಕಾಫಿ ಸೀಮೆಯ ಸಂಘಟನೆಗಳು ಮತ್ತು ಅಸಮಾನತೆಯ ಲೋಕಾಭಿಪ್ರಾಯ

ಆರ್ಥಿಕ ಅಸಮಾನತೆಯ ಬಗ್ಗೆ ಜನರ ಧೋರಣೆಯನ್ನು ಉದ್ಯಮ ಸಂಘಟನೆಗಳು ಹೇಗೆ ತಿದ್ದುತ್ತವೆ ಎಂದು ನೋಡಹೊರಟವರು ಸಾಮಾನ್ಯವಾಗಿ ಜಾಹೀರಾತು, ಪತ್ರಿಕೆಗಳ ಒಡೆತನ, ಚುನಾವಣಾ ದೇಣಿಗೆಗಳತ್ತ ಕಣ್ಣು ಹಾಯಿಸುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಇವುಗಳಿಂದ ಹೆಚ್ಚೇನೂ ತಿಳಿಯದು. ಇಲ್ಲಿ ಸಿರಿವಂತಿಕೆಯನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಅದು ಮಾತಿಗೇ ಬಾರದಿದ್ದರೆ ಸಾಕು. ರಾಜಕೀಯ ಚಿಂತಕ ಸ್ಟೀವನ್ ಲ್ಯೂಕ್ಸ್ 1974ರಲ್ಲಿ ಅಧಿಕಾರದ ಮೂರನೆಯ ಆಯಾಮವೆಂದು ಗುರುತಿಸಿದ್ದು, ಅಸಮಾಧಾನವೇ ಹುಟ್ಟದಂತೆ ತಡೆಯುವ ಇಂಥ ಬಲವನ್ನೇ.

ಕಾಫಿ ಮಂಡಳಿಯ ಲೆಕ್ಕದಲ್ಲಿ 10 ಹೆಕ್ಟೇರ್, ಅಂದರೆ ಸುಮಾರು 25 ಎಕರೆಯವರೆಗಿನ ತೋಟ ಇರುವವರೆಲ್ಲ ಸಣ್ಣ ಬೆಳೆಗಾರರು. ದೇಶದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು ಈ ವರ್ಗದವು. ಎರಡು ಎಕರೆಯಲ್ಲಿ ತಾವೇ ಹಣ್ಣು ಕುಯ್ಯುವ ಕುಟುಂಬವೂ ಲೆಕ್ಕ ಬರೆಯಲು, ಕೆಲಸ ನೋಡಲು ರೈಟರನ್ನಿಟ್ಟುಕೊಂಡು ಇಪ್ಪತ್ತನಾಲ್ಕು ಎಕರೆ ನಡೆಸುವ ಧಣಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. 1893ರಲ್ಲಿ ಹುಟ್ಟಿದ, ದಕ್ಷಿಣ ಭಾರತದ ಪ್ಲಾಂಟರುಗಳ ಸಂಘಟನೆಯಾದ ಉಪಾಸಿ, ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್, ಕರ್ನಾಟಕ ಬೆಳೆಗಾರರ ಒಕ್ಕೂಟ, ಇವುಗಳ ಮನವಿಗಳಲ್ಲಿ ಈ ಸಾಲಿನದೇ ದನಿ. ಕಾಂಡಕೊರಕ, ಅಕಾಲಿಕ ಮಳೆ, ಕಾಡಾನೆ, ಆಳಿನ ಅಭಾವ, ಬೆಲೆ ಕುಸಿತ: ದೂರುಗಳೆಲ್ಲ ನಿಜವೇ. ಎರಡೆಕರೆಯವನ ಬವಣೆ ನಿಜವಾಗಿರುವುದರಿಂದಲೇ ಅವನ ಹೆಸರಿನಲ್ಲಿ ಆಡಿದ ಮಾತನ್ನು ಊರು ನಂಬುತ್ತದೆ. ಈ ಒಗ್ಗಟ್ಟನ್ನು ಬರೀ ಧಣಿಗಳ ಪಿತೂರಿ ಎಂದು ತಳ್ಳಿಹಾಕುವ ವಿಮರ್ಶಕರು ಅದರ ಬಲವನ್ನೇ ಅರಿತಿಲ್ಲ.

ಈ ಒಗ್ಗಟ್ಟಿನ ಫಲ ಯಾರ ಕಣಕ್ಕೆ ಬಿತ್ತು ಎಂಬುದನ್ನು ಕಾನೂನುಗಳಲ್ಲಿ ಓದಬಹುದು. 1974ರ ತಿದ್ದುಪಡಿಯಿಂದ ಬಿರುಸು ಪಡೆದ ಭೂಸುಧಾರಣಾ ಕಾಯ್ದೆಯ 104ನೇ ಕಲಮು ಪ್ಲಾಂಟೇಷನ್ನುಗಳನ್ನು ಭೂಮಿತಿಯಿಂದ ಹೊರಗಿಟ್ಟಿತು; ಮಿತಿಯ ಮಟ್ಟಿಗೆ ಕಾಫಿ ತೋಟ ಸಾಮಾನ್ಯ ಜಮೀನಲ್ಲ. ಬ್ಯಾಂಕುಗಳು ಸಾಲ ವಸೂಲಿಯ ಸರ್ಫೇಸಿ ಕಾಯ್ದೆಯಡಿ ತೋಟಗಳನ್ನು ಹರಾಜಿಗಿಟ್ಟಾಗ ಮಾತ್ರ, ಇದೂ ಕೃಷಿ ಭೂಮಿಯೇ, ವಿನಾಯಿತಿ ಕೊಡಿ ಎಂಬ ಬೇಡಿಕೆ ಎದ್ದಿತು. ಮಾರುಕಟ್ಟೆಯ ಕಥೆಯೂ ಹೀಗೇ. ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಕಾಫಿ ಮಂಡಳಿಯೇ ಮಾರುವ ಪೂಲಿಂಗ್ ಪದ್ಧತಿ ಬೇಡವೆಂದು ಹೋರಾಡಿ 1996ರ ಹೊತ್ತಿಗೆ ಪೂರ್ಣ ಮುಕ್ತ ಮಾರಾಟ ಪಡೆದವರು, ಶತಮಾನದ ತಿರುವಿನಲ್ಲಿ ಬೆಲೆ ಕುಸಿದಾಗ ಸರ್ಕಾರದ ಬಾಗಿಲು ತಟ್ಟಿದರು.

ಒತ್ತುವರಿಯ ವಿಚಾರದಲ್ಲಂತೂ ಎರಡು ಅಳತೆಗೋಲುಗಳು ಕಣ್ಣಿಗೆ ಹೊಡೆಯುತ್ತವೆ. ಅನುಮತಿಯಿಲ್ಲದೆ ಸರ್ಕಾರಿ ಜಮೀನು ಉಳುವ ಬಗರ್‌ಹುಕುಂ ಸಾಗುವಳಿದಾರ, ಸಕ್ರಮಕ್ಕಾಗಿ ನಮೂನೆ 50, 53, 57 ಎಂದು ಅರ್ಜಿ ಹಾಕುತ್ತಾ ಬಂದದ್ದು 4 ಎಕರೆ 38 ಗುಂಟೆಯ ಮಿತಿಯೊಳಗೆ. 2022ರಲ್ಲಿ ಭೂ ಕಂದಾಯ ಕಾಯ್ದೆಗೆ ತಂದ ತಿದ್ದುಪಡಿ, 2005ಕ್ಕೆ ಮುಂಚಿನಿಂದ ಸರ್ಕಾರಿ ಜಮೀನಿನಲ್ಲಿ ತೋಟದ ಬೆಳೆ ಮಾಡಿದವರಿಗೆ 25 ಎಕರೆಯವರೆಗೆ 30 ವರ್ಷದ ಗುತ್ತಿಗೆಗೆ ದಾರಿ ಮಾಡಿತು. ಈ ಅಂತರ ಕಾಫಿ ಸೀಮೆಯಲ್ಲಿ ಹಗರಣವೆನಿಸಲಿಲ್ಲ. ಬದಲಿಗೆ ‘ನಮ್ಮೋರಿಗೆ’ ಸಿಕ್ಕ ನೆಮ್ಮದಿ ಎನಿಸಿತು.

ಆ ‘ನಮ್ಮೋರಲ್ಲಿ’ ತೋಟದ ಲೈನು ಮನೆಗಳಲ್ಲಿರುವ ಕಾರ್ಮಿಕರು ಇದ್ದಾರೆಯೇ? 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಔಷಧೋಪಚಾರ, ಶಿಶುವಿಹಾರಗಳನ್ನು ಮಾಲೀಕರ ಹೊಣೆಯಾಗಿಸಿತು. ಆದರೆ ಲೈನು ಇರುವುದು ತೋಟದ ಜಾಗದಲ್ಲಿ. ಕೆಲಸ ಬಿಟ್ಟರೆ ಸೂರೂ ಹೋಗುತ್ತದೆ. ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರವಾಗಿದ್ದರೂ ದಲಿತ ಕಾರ್ಮಿಕರ ನಿವೇಶನದ ಪ್ರಶ್ನೆ ಬೆಳೆಗಾರರ ಪ್ರಶ್ನೆಯಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ. ಕೂಲಿಯ ಮಾತು ಬಂದರೆ ‘ಆಳು ಸಿಗಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಯಾಕೆ ಸಿಗುವುದಿಲ್ಲ ಎಂಬಲ್ಲಿಗೆ ಚರ್ಚೆ ಹೋಗುವುದು ಅಪರೂಪ.

2024ರ ಶಿರೂರು, ವಯನಾಡು ಭೂಕುಸಿತಗಳ ಬೆನ್ನಲ್ಲೇ ಅರಣ್ಯ ಒತ್ತುವರಿ ತೆರವಿನ ಆದೇಶ ಹೊರಟಾಗ ಮಲೆನಾಡಿನಲ್ಲಿ ಪ್ರತಿಭಟನೆಗಳಾದವು. ಅರ್ಧ ಎಕರೆ ಕಳೆದುಕೊಳ್ಳುವವನ ಭಯಕ್ಕೂ ಐವತ್ತು ಎಕರೆಯವನ ಭಯಕ್ಕೂ ಘೋಷಣೆ ಒಂದೇ ಆಗಿತ್ತು. ಎದುರಾಳಿ ಹೊರಗಿನವನಾದಾಗ ಒಳಗಿನ ಏಣಿ ಕಾಣುವುದಿಲ್ಲ.

ಮುಂದಿನ ಸಂಶೋಧಕರು ಸಂಘಗಳ ಮನವಿಗಳನ್ನಷ್ಟೇ ಕಲೆಹಾಕಿ ಕೂರಬಾರದು. ತಾಲ್ಲೂಕು ಕಚೇರಿಗಳಲ್ಲಿರುವ ಬಗರ್‌ಹುಕುಂ ಮತ್ತು ನಿವೇಶನದ ಅರ್ಜಿಗಳನ್ನೂ ಅವುಗಳ ಪಕ್ಕದಲ್ಲಿಟ್ಟು ಓದಬೇಕು.