ಇಪ್ಪತ್ತಾರು ವಾರಗಳ ನಂತರ

ಅಮೆರಿಕದಲ್ಲಿ ಕೆಲಸ ಕಳೆದುಕೊಂಡವನನ್ನು ಕೇಳುವವರೇ ಇಲ್ಲ ಎಂದು ನಮ್ಮಲ್ಲಿ ಹಲವರು ಹೇಳುತ್ತಾರೆ. ಅಲ್ಲಿ ಸರಕಾರವೇ ನಿರುದ್ಯೋಗಿಯನ್ನು ಕೂರಿಸಿ ಉಣಿಸುತ್ತದೆ ಎನ್ನುವವರೂ ಇದ್ದಾರೆ. ಎರಡರಲ್ಲೂ ಅರ್ಧ ಸತ್ಯವಷ್ಟೇ ಇದೆ. ನಿರುದ್ಯೋಗ ವಿಮೆ ಎಂಬ ಏರ್ಪಾಡು ಅಲ್ಲಿ ಸುಮಾರು ತೊಂಬತ್ತು ವರ್ಷಗಳಿಂದ ಜಾರಿಯಲ್ಲಿದೆ. ಆದರೆ ಅದಕ್ಕೊಂದು ಗಡುವಿದೆ. ಗಡುವು ತೀರಿದ ಮೇಲೂ ಕೆಲಸ ಸಿಗದವನ ಗತಿ ಏನು ಎಂಬ ಪ್ರಶ್ನೆಗೆ ಮಾತ್ರ ಆ ದೇಶ ಇಂದಿಗೂ ಒಂದು ಸ್ಥಿರವಾದ ಉತ್ತರ ಕೊಟ್ಟಿಲ್ಲ. ಈ ಲೇಖನದಲ್ಲಿ ನಾವು ನೋಡಹೊರಟಿರುವುದು ಆ ಪ್ರಶ್ನೆಯ ಚರಿತ್ರೆಯನ್ನೇ.

1929ರ ಮಹಾ ಕುಸಿತಕ್ಕೆ ಮುಂಚೆ ಅಲ್ಲಿ ನಿರುದ್ಯೋಗಿಗೆ ಇದ್ದದ್ದು ದಾನ ಧರ್ಮದ ಆಸರೆ ಮಾತ್ರ. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ದಾನದ ಗಂಜಿಯಿಂದ ತುಂಬುವ ಹಸಿವು ಅದಾಗಿರಲಿಲ್ಲ. ಮೊದಲ ಕಾನೂನು ಮಾಡಿದ್ದು ವಿಸ್ಕಾನ್ಸಿನ್ ರಾಜ್ಯ, 1932ರಲ್ಲಿ. 1936ರ ಆಗಸ್ಟ್‌ನಲ್ಲಿ ಮ್ಯಾಡಿಸನ್ ನಗರದ ಒಬ್ಬ ಕಾರ್ಮಿಕನಿಗೆ 15 ಡಾಲರ್‌ಗಳ ಮೊದಲ ಚೆಕ್ ಸಿಕ್ಕಿತು. ಅಷ್ಟರಲ್ಲಿ, 1935ರ ಆಗಸ್ಟ್ 14ರಂದು, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಾಮಾಜಿಕ ಭದ್ರತಾ ಕಾಯ್ದೆಗೆ ಸಹಿ ಹಾಕಿದ್ದರು. ಅದರ ಹಿಂದಿದ್ದ ದೊಡ್ಡ ಶಕ್ತಿ ಕಾರ್ಮಿಕ ಸಚಿವೆ ಫ್ರಾನ್ಸಿಸ್ ಪರ್ಕಿನ್ಸ್. ಅಮೆರಿಕದ ಸಚಿವ ಸಂಪುಟ ಸೇರಿದ ಮೊದಲ ಮಹಿಳೆ ಆಕೆ. ಇಷ್ಟಾಗಿಯೂ ಹೊಲದಲ್ಲಿ ದುಡಿಯುವವರನ್ನೂ ಮನೆಗೆಲಸದವರನ್ನೂ ಕಾಯ್ದೆ ಹೊರಗಿಟ್ಟಿತು. ದಕ್ಷಿಣದ ರಾಜ್ಯಗಳಲ್ಲಿ ಈ ಎರಡು ಕೆಲಸಗಳನ್ನು ಮಾಡುತ್ತಿದ್ದವರು ಬಹುಪಾಲು ಕರಿಯರು. ಅವರಲ್ಲಿ ಅನೇಕರಿಗೆ ಬಾಗಿಲು ತೆರೆಯಲು 1976ರ ತಿದ್ದುಪಡಿಯ ತನಕ ಕಾಯಬೇಕಾಯಿತು.

ವಿಮೆಯ ಹಣ ಬರುವುದು ಮುಖ್ಯವಾಗಿ ಮಾಲಿಕರ ಮೇಲಿನ ತೆರಿಗೆಯಿಂದ. ಯೋಜನೆಯನ್ನು ನಡೆಸುವುದು ಆಯಾ ರಾಜ್ಯ. ಕಳೆದುಕೊಂಡ ಸಂಬಳದ ಒಂದು ಭಾಗ ವಾರಕ್ಕೊಮ್ಮೆ ಸಿಗುತ್ತದೆ. ತಾನಾಗಿ ಕೆಲಸ ಬಿಟ್ಟವನಿಗೆ ಸಾಮಾನ್ಯವಾಗಿ ಇದು ಸಿಗುವುದಿಲ್ಲ. ಪಡೆಯುವವನು ಕೆಲಸ ಹುಡುಕುತ್ತಲೇ ಇರಬೇಕು. ಕೂತು ಉಣ್ಣುವವರ ಮಾತಾಡುವವರು ಈ ಷರತ್ತುಗಳನ್ನು ಒಮ್ಮೆ ಓದಿದರೆ ಒಳ್ಳೆಯದು. 1960ರ ದಶಕದ ಹೊತ್ತಿಗೆ ಬಹುತೇಕ ರಾಜ್ಯಗಳಲ್ಲಿ ಅವಧಿ 26 ವಾರಗಳಿಗೆ ನಿಂತಿತು. ಆರು ತಿಂಗಳಲ್ಲಿ ಎಲ್ಲಾದರೂ ಕೆಲಸ ಸಿಕ್ಕೀತು ಎಂಬುದು ಲೆಕ್ಕಾಚಾರ.

ಆರ್ಥಿಕ ಹಿಂಜರಿತ ಬಂದಾಗಲೆಲ್ಲ ಈ ಲೆಕ್ಕ ತಪ್ಪಿತು. 1958ರಲ್ಲಿ ಐಸೆನ್‌ಹೋವರ್ ಸರಕಾರ ಅವಧಿ ವಿಸ್ತರಿಸಲು ರಾಜ್ಯಗಳಿಗೆ ಸಾಲ ಕೊಡಲು ಮುಂದಾಯಿತು. ಪೂರ್ಣವಾಗಿ ಸೇರಿದ್ದು 17 ರಾಜ್ಯಗಳು ಮಾತ್ರ. 1961ರಲ್ಲಿ ಕೆನಡಿ ಅದನ್ನು ಎಲ್ಲ ರಾಜ್ಯಗಳಿಗೂ ಅನ್ವಯಿಸಿದರು. 1970ರಲ್ಲಿ ಒಂದು ಶಾಶ್ವತ ಕಾನೂನೇ ಬಂತು: ನಿರುದ್ಯೋಗ ಗೊತ್ತಾದ ಮಟ್ಟ ಮೀರಿದರೆ ಇನ್ನೂ 13 ವಾರ ತಾನಾಗಿಯೇ ಸಿಗಬೇಕು, ಖರ್ಚು ಕೇಂದ್ರಕ್ಕೂ ರಾಜ್ಯಕ್ಕೂ ಸಮಪಾಲು. ಕಾಗದದ ಮೇಲೆ ಇದು ಒಳ್ಳೆಯ ವ್ಯವಸ್ಥೆಯೇ ಆಗಿತ್ತು. ಆದರೆ 1981ರಲ್ಲಿ ರೇಗನ್ ಆಡಳಿತ ಆ ಮಟ್ಟವನ್ನು ಎಷ್ಟು ಬಿಗಿಗೊಳಿಸಿತೆಂದರೆ, ಬೇಕಾದಾಗ ಬಾಗಿಲು ತೆರೆಯದಂತಾಯಿತು. ಅಲ್ಲಿಂದ ಮುಂದೆ ಪ್ರತಿ ಸಲವೂ ಸಂಸತ್ತಿನ ಮುಂದೆ ಕೈಯೊಡ್ಡಬೇಕಾಯಿತು. 1991ರಲ್ಲಿ ಹಿರಿಯ ಬುಷ್ ಒಂದು ವಿಸ್ತರಣಾ ಮಸೂದೆಗೆ ಸಹಿ ಹಾಕಿದರು, ಆದರೆ ಹಣ ಬಿಡುಗಡೆಗೆ ಬೇಕಾದ ತುರ್ತು ಘೋಷಣೆ ಮಾಡಲಿಲ್ಲ. ಅಕ್ಟೋಬರ್‌ನಲ್ಲಿ ಇನ್ನೊಂದನ್ನು ತಿರಸ್ಕರಿಸಿದರು. ನವೆಂಬರ್‌ನಲ್ಲಿ ಮೂರನೆಯದಕ್ಕೆ ಒಪ್ಪಿದರು. ಮುಂದಿನ ವರ್ಷ ಚುನಾವಣೆಯಿತ್ತು ಎಂಬುದನ್ನು ಓದುಗರು ಗಮನಿಸಬಹುದು.

ನಿಜವಾದ ಪರೀಕ್ಷೆ ಬಂದದ್ದು 2008ರಲ್ಲಿ. ಆ ವರ್ಷದ ಜೂನ್ 30ರಂದು ಕಿರಿಯ ಬುಷ್ ಸಹಿ ಹಾಕಿದ ತುರ್ತು ವಿಸ್ತರಣೆ ಕಂತುಕಂತಾಗಿ ಬೆಳೆದು, ಅತಿ ಹೆಚ್ಚು ನಿರುದ್ಯೋಗವಿದ್ದ ರಾಜ್ಯಗಳಲ್ಲಿ ಒಟ್ಟು 99 ವಾರಗಳ ತನಕ ಹೋಯಿತು. 2009ರ ಅಕ್ಟೋಬರ್‌ನಲ್ಲಿ ನಿರುದ್ಯೋಗ ಪ್ರಮಾಣ ನೂರಕ್ಕೆ 10. ಮರುವರ್ಷದ ಏಪ್ರಿಲ್‌ನಲ್ಲಿ ನಿರುದ್ಯೋಗಿಗಳ ಪೈಕಿ ನೂರಕ್ಕೆ 45ರಷ್ಟು ಜನ ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ಕೆಲಸವಿಲ್ಲದವರು. 99 ವಾರ ಮುಗಿದೂ ಕೆಲಸ ಸಿಗದವರಿಗೆ 'ತೊಂಬತ್ತೊಂಬತ್ತರವರು' ಎಂಬ ಹೆಸರೇ ಬಿತ್ತು.

ಪ್ರತಿ ಕಂತೂ ಜಗಳವೇ. 2010ರ ಫೆಬ್ರವರಿ ಕೊನೆಯಲ್ಲಿ ಸೆನೆಟರ್ ಜಿಮ್ ಬನ್ನಿಂಗ್, ಹಣ ಎಲ್ಲಿಂದ ತರುತ್ತೀರಿ ಎಂದು ಒಬ್ಬರೇ ಅಡ್ಡ ನಿಂತು ವಿಸ್ತರಣೆಯನ್ನು ಕೆಲದಿನ ತಡೆದರು. ಅದೇ ಜೂನ್‌ನಲ್ಲಿ ಯೋಜನೆ ಮತ್ತೆ ನಿಂತು, ಸುಮಾರು 25 ಲಕ್ಷ ಜನರ ಭತ್ಯೆ ತಪ್ಪಿತು. ಜುಲೈ 20ರಂದು ಸೆನೆಟ್‌ನಲ್ಲಿ ಬೇಕಿದ್ದ ಅರವತ್ತನೇ ಮತ ಕೊಟ್ಟವರು ಕಾರ್ಟ್ ಗುಡ್‌ವಿನ್. ತೀರಿಹೋದ ಸದಸ್ಯರ ಸ್ಥಾನಕ್ಕೆ ನೇಮಕಗೊಂಡು, ಪ್ರಮಾಣವಚನ ಸ್ವೀಕರಿಸಿ ಕೆಲವೇ ನಿಮಿಷಗಳಾಗಿದ್ದವು. ಲಕ್ಷಾಂತರ ಮನೆಗಳ ಬಾಡಿಗೆ, ರೇಷನ್ನು, ಮಕ್ಕಳ ಔಷಧಿ ಅಷ್ಟು ತೆಳುವಾದ ದಾರದಲ್ಲಿ ನೇತಾಡುತ್ತಿತ್ತು.

ವಿರೋಧಿಸಿದವರ ವಾದವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಹಣ ಸಿಗುತ್ತಿದ್ದರೆ ಕೆಲಸ ಹುಡುಕುವ ಆತುರ ಕಡಿಮೆಯಾಗುತ್ತದೆ ಎಂದು ಅವರು ಹೇಳಿದರು. ಅದರಲ್ಲಿ ಸ್ವಲ್ಪ ಹುರುಳಿಲ್ಲದಿಲ್ಲ. ಅರ್ಥಶಾಸ್ತ್ರಜ್ಞ ಜೆಸ್ಸಿ ರಾತ್‌ಸ್ಟೈನ್ 2011ರಲ್ಲಿ ಲೆಕ್ಕ ಹಾಕಿದಾಗ, ವಿಸ್ತರಣೆಯಿಂದ ನಿರುದ್ಯೋಗ ಪ್ರಮಾಣ ಏರಿದ್ದು ಶೇಕಡಾ ಅರ್ಧ ಅಂಶವನ್ನೂ ಮೀರದಷ್ಟು. ಅದರಲ್ಲೂ ಒಂದು ಪಾಲು, ಭತ್ಯೆ ಇಲ್ಲದಿದ್ದರೆ ಹುಡುಕಾಟವನ್ನೇ ಕೈಬಿಟ್ಟು ಲೆಕ್ಕದಿಂದ ಮಾಯವಾಗುತ್ತಿದ್ದವರದು. ಖಾಲಿ ಹುದ್ದೆಗಳಿಗಿಂತ ಹಲವು ಪಟ್ಟು ಅರ್ಜಿದಾರರಿರುವಾಗ ಆತುರಪಡಿಸಿ ಏನು ಫಲ ಎಂದು ನಮಗನಿಸುತ್ತದೆ.

ವಾದ ಗೆದ್ದದ್ದು ಮಾತ್ರ ಅವರದೇ. ನಾರ್ತ್ ಕೆರೊಲಿನಾ ರಾಜ್ಯ 2013ರ ಜುಲೈಯಲ್ಲಿ ವಾರದ ಗರಿಷ್ಠ ಭತ್ಯೆಯನ್ನು 535 ಡಾಲರ್‌ನಿಂದ 350ಕ್ಕೆ ಇಳಿಸಿ, ಅವಧಿಯನ್ನೂ ಕತ್ತರಿಸಿತು. ಇದರಿಂದ ಕೇಂದ್ರದ ವಿಸ್ತರಣೆಗೂ ಎರವಾಯಿತು. ಅದೇ ಡಿಸೆಂಬರ್ 28ರಂದು ಇಡೀ ದೇಶದಲ್ಲಿ ವಿಸ್ತರಣೆ ಮುಗಿದು 13 ಲಕ್ಷ ಜನರಿಗೆ ಒಮ್ಮೆಗೇ ಹಣ ನಿಂತಿತು. 2014ರ ಏಪ್ರಿಲ್‌ನಲ್ಲಿ ಸೆನೆಟ್ ಅದನ್ನು ಮುಂದುವರಿಸಲು ಒಪ್ಪಿದರೂ ಕೆಳಮನೆ ಮತಕ್ಕೇ ಹಾಕಲಿಲ್ಲ.

ಕೊರೊನಾ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಅದೇ ಸಂಸತ್ತು ವಾರಕ್ಕೆ 600 ಡಾಲರ್ ಹೆಚ್ಚುವರಿ ಕೊಟ್ಟಿತು. ಟ್ಯಾಕ್ಸಿ ಓಡಿಸುವವರು, ಸ್ವಂತ ಉದ್ಯೋಗಿಗಳು ಕೂಡ ಮೊದಲ ಬಾರಿಗೆ ದೊಡ್ಡ ಸಂಖ್ಯೆಯಲ್ಲಿ ಒಳಬಂದರು. ಸುಮಾರು ಅರ್ಧದಷ್ಟು ರಾಜ್ಯಗಳು ಮರುವರ್ಷ ಗಡುವಿಗೆ ಮುಂಚೆಯೇ ಈ ತುರ್ತು ನೆರವಿನಿಂದ ಹಿಂದೆ ಸರಿದವು. ಉಳಿದದ್ದು 2021ರ ಸೆಪ್ಟೆಂಬರ್ 6ರಂದು ಮುಗಿಯಿತು. ಅಂದು ಆ ದೇಶದ ಕಾರ್ಮಿಕ ದಿನ.

ನಮ್ಮ ಊರುಗಳಿಂದ ಎಚ್-1ಬಿ ವೀಸಾದಲ್ಲಿ ಹೋದ ಸಾಫ್ಟ್‌ವೇರ್ ಹುಡುಗ ಹುಡುಗಿಯರೂ ಈ ಚರಿತ್ರೆಯ ಅಂಚಿನಲ್ಲಿದ್ದಾರೆ. ಅವರ ಸಂಬಳದ ಲೆಕ್ಕದಲ್ಲೂ ಕಂಪೆನಿ ನಿರುದ್ಯೋಗ ತೆರಿಗೆ ಕಟ್ಟುತ್ತದೆ. ಆದರೆ ವೀಸಾ ಆ ಮಾಲಿಕನಿಗೇ ಕಟ್ಟಿಹಾಕಿರುವುದರಿಂದ, ಕೆಲಸ ಹೋದರೆ 'ಬೇರೆ ಕೆಲಸಕ್ಕೆ ಲಭ್ಯನಿದ್ದೇನೆ' ಎಂದು ಹೇಳುವ ಸ್ಥಿತಿ ಅವರದಲ್ಲ. ಹಾಗಾಗಿ ಭತ್ಯೆ ಸಾಮಾನ್ಯವಾಗಿ ಸಿಗುವುದಿಲ್ಲ. 2022-23ರಲ್ಲಿ ದೊಡ್ಡ ಕಂಪೆನಿಗಳು ಸಾವಿರಾರು ಜನರನ್ನು ಕೈಬಿಟ್ಟಾಗ, ಹೊಸ ಮಾಲಿಕನನ್ನು ಹುಡುಕಿಕೊಳ್ಳಲು ಅಥವಾ ದೇಶ ಬಿಡಲು ಅವರಿಗಿದ್ದ ಸಮಯ ಹೆಚ್ಚೆಂದರೆ 60 ದಿನ.