ಶಸ್ತ್ರಬಲದಿಂದ ಪ್ರಜಾಪ್ರಭುತ್ವ ಸಾಧ್ಯವೇ?

ಹುಣಸೂರು ತಾಲ್ಲೂಕಿನ ಗುರುಪುರದಲ್ಲಿರುವ ಟಿಬೆಟನ್ ನಿರಾಶ್ರಿತರ ಶಿಬಿರವನ್ನು ನಮ್ಮ ಭಾಗದ ವಾಚಕರೆಲ್ಲ ಬಲ್ಲರು. ಅಲ್ಲಿಯ ಗಿರಾಕಿಗಳೊಡನೆ ನನ್ನ ಅಂಗಡಿಗೆ ಬಹುಕಾಲದ ವ್ಯವಹಾರವಿದೆ. ಚುನಾವಣೆ ಬಂದಾಗ ಅವರು ಧರ್ಮಶಾಲೆಯಲ್ಲಿರುವ ತಮ್ಮ ಆಡಳಿತಕ್ಕೆ ಪ್ರತಿನಿಧಿಗಳನ್ನು ಆರಿಸುತ್ತಾರೆ. ಸ್ವಂತ ನೆಲವಿಲ್ಲ, ಸೈನ್ಯವಿಲ್ಲ, ಮತಪೆಟ್ಟಿಗೆಯಿದೆ. 1950ರಲ್ಲಿ ಅವರ ನಾಡನ್ನು ಹೊಕ್ಕ ಚೀನೀ ಸೈನ್ಯದ ಹೆಸರೇ ‘ಜನವಿಮೋಚನಾ ಸೇನೆ’. ಹಳೆಯ ಟಿಬೆಟ್ಟಿನಲ್ಲಿ ಪ್ರಜಾಪ್ರಭುತ್ವವಿತ್ತೆಂದು ಯಾರೂ ಹೇಳಲಾರರು. ಆದರೆ ಏಳು ದಶಕಗಳ ಸೈನ್ಯಬಲವೂ ಅದನ್ನು ಅಲ್ಲಿ ನೆಲೆಗೊಳಿಸಲಿಲ್ಲ.

ಇಷ್ಟರಿಂದಲೇ ತೀರ್ಪು ಕೊಟ್ಟುಬಿಡುವುದು ಸುಲಭ. ಕನ್ನಡನಾಡಿನ ಇತಿಹಾಸವೇ ಅದಕ್ಕೆ ಅಡ್ಡ ನಿಲ್ಲುತ್ತದೆ.

ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು 1948ರವರೆಗೆ ನಿಜಾಮನ ಅಧೀನದಲ್ಲಿದ್ದವು. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳನ್ನು ನಡುಗಿಸಿದರು. ಆ ವರ್ಷದ ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಅಲ್ಲಿಯ ಜನ ಇಂದಿಗೂ ಮರೆತಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಗಡಿ ದಾಟಿತು. 17ರಂದು ನಿಜಾಮನು ಶರಣಾದನು. ಇದನ್ನು ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆದರು. ಸರಕಿನ ಚೀಟಿ ಬದಲಿಸಿದ ಮಾತ್ರಕ್ಕೆ ಸರಕು ಬೇರೆಯಾಗದೆಂಬುದು ವ್ಯಾಪಾರಿಯಾದ ನನಗೆ ಗೊತ್ತು. ಆದರೂ ರಜಾಕಾರರನ್ನು ತಡೆದುದು ನಮ್ಮ ಶ್ರಾವಕಾಚಾರದ ಪರಿಭಾಷೆಯಲ್ಲಿ ವಿರೋಧೀ ಹಿಂಸೆ. ಗೃಹಸ್ಥನಿಗೆ ಅನಿವಾರ್ಯವಾದಾಗ ಅದು ಕ್ಷಮ್ಯ.

ಖಾತೆಯ ಇನ್ನೊಂದು ಬದಿಯನ್ನೂ ಓದಬೇಕು. ಕಾರ್ಯಾಚರಣೆಯ ಅನಂತರ ನೆಹರೂ ಅವರು ಪಂಡಿತ ಸುಂದರಲಾಲರ ಸಮಿತಿಯನ್ನು ಆ ಜಿಲ್ಲೆಗಳಿಗೆ ಕಳುಹಿಸಿದರು. ಕಾರ್ಯಾಚರಣೆಯ ಕಾಲದಲ್ಲೂ ತರುವಾಯವೂ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಸಮಿತಿ ಅಂದಾಜು ಮಾಡಿತು; ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಅತ್ಯಧಿಕ ಹಾನಿಯಾದ ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರಗಳೂ ಇದ್ದವು. ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಗೆ ಜನರನ್ನು ಪ್ರೇರೇಪಿಸಿದರೆಂದು ಅದು ಬರೆಯಿತು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ಇದು ವಿರೋಧೀ ಹಿಂಸೆಯಲ್ಲ, ಸಂಕಲ್ಪೀ ಹಿಂಸೆ; ಇದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಹಾಗಾದರೆ ಸೈನ್ಯ ಪ್ರಜಾಪ್ರಭುತ್ವವನ್ನು ತಂದಿತೇ? ತಂದುದು ಮೊದಲಿಗೆ ಸೈನಿಕ ಆಡಳಿತವನ್ನು. ಮೇಜರ್ ಜನರಲ್ ಚೌಧರಿಯವರು 1949ರ ಅಂತ್ಯದವರೆಗೆ ಆಳಿದರು; 1950ರಲ್ಲಿ ಅಧಿಕಾರಿಯಾಗಿದ್ದ ವೆಲ್ಲೋಡಿಯವರು ನೇಮಕಗೊಂಡರು. ಜನರಿಂದ ಆರಿಸಿಬಂದ ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಯಾದದ್ದು 1952ರಲ್ಲಿ. ಅದನ್ನು ಸಾಧ್ಯವಾಗಿಸಿದ್ದು ಸಂವಿಧಾನ, ಚುನಾವಣೆ, ಮತ್ತು ಸ್ವಾಮಿ ರಮಾನಂದ ತೀರ್ಥರಂಥವರು 1938ರಿಂದ ಸತ್ಯಾಗ್ರಹದಲ್ಲಿ ಪಳಗಿಸಿದ ಜನಶಕ್ತಿ. ಸೈನ್ಯ ಬೀಗ ಮುರಿಯಿತು, ಅಷ್ಟೇ.

ನಮ್ಮ ಮೈಸೂರಿನಲ್ಲಿ ಬೀಗ ಮುರಿಯುವ ಅಗತ್ಯವೇ ಬೀಳಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಆರಂಭವಾಯಿತು, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ರಕ್ತ ಹರಿಯಲಿಲ್ಲವೆನ್ನಲಾಗದು, ಮೈಸೂರಿನ ರಾಮಸ್ವಾಮಿ ವೃತ್ತದ ಹೆಸರು ಅಂದು ಗುಂಡಿಗೆ ಬಲಿಯಾದ ವಿದ್ಯಾರ್ಥಿಯದು. ಆದರೆ ಇಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆಯಿತ್ತು. ಕೇಳುವ ಅಭ್ಯಾಸ ಪ್ರಜೆಗಳಿಗೂ, ಕೇಳಿಸಿಕೊಳ್ಳುವ ಅಭ್ಯಾಸ ಅರಮನೆಗೂ ಅಷ್ಟಿಷ್ಟು ಬಂದಿತ್ತು.

ಹೊರದೇಶಗಳ ಮಾತೂ ಹೀಗೆಯೇ. 1945ರ ಅನಂತರದ ಜಪಾನನ್ನು ಉದಾಹರಿಸುವವರು, ಅಲ್ಲಿ 1890ರಿಂದಲೇ ಸಂಸತ್ತಿದ್ದುದನ್ನು ಹೇಳುವುದಿಲ್ಲ. ಆಫ್ಘಾನಿಸ್ತಾನದಲ್ಲಿ ಅಮೆರಿಕದ ಸೈನ್ಯ 20 ವರ್ಷವಿದ್ದು 2021ರಲ್ಲಿ ಹಿಂತಿರುಗಿತು. ಅದು ಪೂರ್ಣವಾಗಿ ತೆರಳುವ ಮೊದಲೇ ತಾಲಿಬಾನ್ ಕಾಬೂಲನ್ನು ಹೊಕ್ಕಿತ್ತು. ಹೈದರಾಬಾದಿಗೆ ಹೋದ ಸೈನ್ಯವಾದರೂ ಪರದೇಶದ್ದಲ್ಲ. ಕಳುಹಿಸಿದ ಸರ್ಕಾರವನ್ನು ಮುಂದೆ ಮತ ಹಾಕಿ ಇಳಿಸುವ ಹಕ್ಕು ಅಲ್ಲಿಯ ಪ್ರಜೆಗೂ ದೊರೆಯಿತು. ಕಾಬೂಲಿನವನಿಗೆ ವಾಷಿಂಗ್ಟನ್ನಿನಲ್ಲಿ ಅಂಥ ಮತವಿರಲಿಲ್ಲ.

ಬಹಳ ವರ್ಷಗಳ ಹಿಂದೆ ತೊಗರಿಬೇಳೆ ಖರೀದಿಗೆಂದು ಗುಲಬರ್ಗಾಕ್ಕೆ ಹೋಗಿದ್ದಾಗ ಒಬ್ಬ ಹಿರಿಯ ದಲ್ಲಾಳಿಯವರ ಅಡತಿಯಲ್ಲಿ ಕುಳಿತಿದ್ದೆ. ರಜಾಕಾರರ ಹಾವಳಿಯನ್ನು ಅವರು ದಿನ, ಊರುಗಳ ಸಮೇತ ವಿವರಿಸಿದರು. “ಆಮೇಲೇನಾಯಿತ್ರೀ?” ಎಂದು ಕೇಳಿದೆ. “ಅದನ್ನ ಕೇಳಬ್ಯಾಡ್ರೀ ಸಾಹುಕಾರ್ರ” ಎಂದವರೇ ತಕ್ಕಡಿಯ ಕಡೆಗೆ ತಿರುಗಿದರು.