ಪದ ಪರಿಚಯ: ಸ್ಪ್ಲೈಸಿಂಗ್

ನವಲಗುಂದದ ಕಡೆ ಕಣಕಿ ಹೇರಿದ ಚಕ್ಕಡಿಯ ಮಿಣಿ ಹರಿದರೆ ಪಳಗಿದ ಕೈ ಬರೀ ಗಂಟು ಹಾಕಿ ಬಿಡುವುದಿಲ್ಲ. ಎರಡೂ ತುದಿಯ ಹುರಿ ಬಿಚ್ಚಿ, ಸವೆದ ಭಾಗ ಕತ್ತರಿಸಿ, ಎಳೆಯೊಳಗೆ ಎಳೆ ತೂರಿಸಿ ಹೊಸೆಯುತ್ತದೆ. ‘ಸ್ಪ್ಲೈಸ್’ ಎಂದರೆ ಇದೇ. ಡಚ್ ಮೂಲದ, ಹಡಗಿನ ಹಗ್ಗದವರ ಮಾತು. ಆಮೇಲೆ ಸಿನಿಮಾ ರೀಲು ಜೋಡಿಸುವವರ ಬಾಯಿಗೂ ಬಂತು.

ಜೀವಕೋಶದಲ್ಲಿ ಡಿಎನ್‌ಎಯಿಂದ ನಕಲಾದ ಆರ್‌ಎನ್‌ಎ ಎಳೆಯಿಂದ ಇಂಟ್ರಾನ್ ಎಂಬ ತುಂಡುಗಳನ್ನು ಕಿತ್ತು, ಉಳಿದ ಎಕ್ಸಾನ್ ತುಂಡುಗಳನ್ನು ಕೂಡಿಸುವ ಕೆಲಸಕ್ಕೂ ಅದೇ ಹೆಸರು. 1977ರಲ್ಲಿ ಇದನ್ನು ತೋರಿಸಿಕೊಟ್ಟದ್ದೇ ಒಂದು ವೈರಸ್ಸು, ಅಡಿನೊವೈರಸ್. ಅದನ್ನು ಕಂಡ ರಿಚರ್ಡ್ ರಾಬರ್ಟ್ಸ್, ಫಿಲಿಪ್ ಶಾರ್ಪ್ ಅವರಿಗೆ 1993ರ ನೊಬೆಲ್ ಬಂತು.

ಈ ಹೊಸೆತವನ್ನೇ ಕೆಡಿಸುವ ವೈರಸ್ಸುಗಳೂ ಇವೆ. ಕೋವಿಡ್ ತಂದ ಕೊರೊನಾ ವೈರಸ್ಸಿನ ಎನ್‌ಎಸ್‌ಪಿ16 ಪ್ರೋಟೀನು, ಎಲ್ಲಿ ಕತ್ತರಿಸಬೇಕೆಂದು ಗುರುತಿಸುವ ಯು1, ಯು2 ಆರ್‌ಎನ್‌ಎಗಳಿಗೇ ಅಂಟಿಕೊಳ್ಳುತ್ತದೆ. ಜೋಡಣೆ ಕುಂಠಿತವಾಗಿ, ನೆರೆಯ ಕೋಶಗಳನ್ನು ಎಚ್ಚರಿಸಬೇಕಾದ ಇಂಟರ್‌ಫೆರಾನ್ ಕಡಿಮೆ ಬೀಳುತ್ತದೆ.

ಕನ್ನಡದಲ್ಲಿ ಏನೆನ್ನೋಣ? ‘ಬೆಸುಗೆ’ ಅಂದರೆ ಕಬ್ಬಿಣ, ಬೆಂಕಿ ನೆನಪಾಗುತ್ತವೆ. ನನಗೆ ‘ಕತ್ತರಿಸಿ ಹೊಸೆಯುವುದು’ ಎಂಬುದೇ ಹಿಡಿಸುತ್ತದೆ; ಬತ್ತಿ ಹೊಸೆಯುವ ಅಜ್ಜಿಗೂ ಅದು ತಿಳಿಯುತ್ತದೆ.